ಎಂಟು ವರ್ಷದ ಮೈದಾ

ಇಲ್ಲಿ ಬರುವ ಹುಡುಗನ ಹೆಸರು ಮಂಜು ಅಲ್ಲ. ಅವನ ಊರು, ಬೇಕರಿ ಇರುವ ಬಡಾವಣೆ, ಗುರುತು ಸಿಗುವಂಥ ಇನ್ನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ. ಉಳಿದದ್ದು, ನಾನು ಮಾಡಿದ ತಪ್ಪೂ ಸೇರಿ, ನಡೆದ ಹಾಗೇ ಇದೆ. ನಾನು ಬೆಂಗಳೂರಿನಲ್ಲಿ ಶ್ವಾಸಕೋಶದ ಡಾಕ್ಟರು. ಅಲರ್ಜಿ ನನ್ನ ದಿನನಿತ್ಯದ ಕೆಲಸ. ಆದರೂ ಈ ಪ್ರಕರಣದಲ್ಲಿ ಸರಿಯಾದ ಪ್ರಶ್ನೆ ಕೇಳಲು ನನಗೆ ಮೂರು ತಿಂಗಳು ಬೇಕಾಯಿತು.

ಹಿನ್ನೆಲೆ

ಹಾಸನದ ಕಡೆಯವರು ಬೆಂಗಳೂರಿಗೆ ಬಂದು ಬೇಕರಿ ಹಾಕುವುದು ಹಳೆಯ ರೂಢಿ. ಮಂಜುವಿನ ಸೋದರಮಾವನೂ ಹಾಗೇ ಬಂದವರು. ದಕ್ಷಿಣ ಬೆಂಗಳೂರಿನ ಒಂದು ಹಳೆಯ ಬಡಾವಣೆಯಲ್ಲಿ ಅವರ ಅಂಗಡಿ. ಮುಂದೆ ಗಾಜಿನ ಕೌಂಟರು. ಅದರಲ್ಲಿ ಖಾರ ಬನ್ನು, ಆಲೂ ಬನ್ನು, ದಿಲ್‌ಪಸಂದು, ಬೆಣ್ಣೆ ಬಿಸ್ಕತ್ತು, ಮೇಲುಗಡೆ ಡಬ್ಬಿಯಲ್ಲಿ ಕಾಂಗ್ರೆಸ್ ಕಡ್ಲೆಕಾಯಿ. ಹಿಂದೆ ಒಂದು ಕೋಣೆ. ಓವನ್, ಹಿಟ್ಟು ಕಲಸುವ ಮಿಕ್ಸರು, ಗೋಡೆಗೆ ಒರಗಿಸಿದ ಮೈದಾ ಚೀಲಗಳು. ಇರುವುದು ಒಂದೇ ಕಿಟಕಿ. ಅದಕ್ಕೂ ಇಲಿ ಬರುತ್ತದೆ ಎಂದು ಜಾಲರಿ ಹೊಡೆದು, ಜಾಲರಿಯ ಮೇಲೆ ರಟ್ಟು ಕಟ್ಟಿದ್ದರು.

ಮಂಜು ಹತ್ತೊಂಬತ್ತಕ್ಕೆ ಈ ಕೋಣೆಗೆ ಬಂದ. ಮೊದಲು ಟ್ರೇ ಎತ್ತುವುದು, ಆಮೇಲೆ ಜರಡಿ ಹಿಡಿಯುವುದು, ಎರಡನೇ ವರ್ಷದಿಂದ ಹಿಟ್ಟು ಕಲಸುವುದು. ಕಣಕದ ಹದ ಕೈಗೆ ಹತ್ತಿದ ಮೇಲೆ ಮಾವ ಆ ಕೆಲಸವನ್ನು ಬೇರೆ ಯಾರಿಗೂ ಕೊಡಲಿಲ್ಲ. ದಿನಾ ಮಧ್ಯಾಹ್ನ ಮೂರರಿಂದ ಆರರವರೆಗೆ ಅವನು ಮಿಕ್ಸರ್ ಮುಂದೆ. ಕೆಲಸ ಮುಗಿದ ಮೇಲೆ ಖಾಲಿ ಚೀಲಗಳನ್ನು ಹಿತ್ತಿಲ ಗಲ್ಲಿಯಲ್ಲಿ ಗೋಡೆಗೆ ಬಡಿದು ಮಡಿಸಿಡುತ್ತಿದ್ದ.

ಎರಡು ಸಂಗತಿಗಳನ್ನು ಇಲ್ಲೇ ಹೇಳಬೇಕು. ಚಿಕ್ಕಂದಿನಲ್ಲಿ ಅವನಿಗೆ ಮೊಣಕೈ ಮಡಿಕೆಯಲ್ಲಿ ಇಸುಬು ಇತ್ತು, ಏಳನೇ ವಯಸ್ಸಿಗೆ ಹೋಯಿತು. ಅವನ ತಾಯಿಗೆ ಗೂರಲು ಇದೆ. ಅಂದರೆ ಅಲರ್ಜಿಯ ಕಡೆಗೆ ವಾಲುವ ಮೈ. ಹೀಗೆ ವಾಲಿದವರಿಗೆಲ್ಲ ಅಲರ್ಜಿ ಬಂದೇ ಬರುತ್ತದೆ ಎಂದೇನಲ್ಲ, ದಾರಿ ಸ್ವಲ್ಪ ಇಳಿಜಾರಾಗಿರುತ್ತದೆ ಅಷ್ಟೇ.

ತೊಂದರೆ

ಐದನೇ ವರ್ಷದಲ್ಲಿ ಸೀನು ಶುರುವಾಯಿತು. ಜರಡಿ ಹಿಡಿದಾಗ ಒಂದೇ ಸಮನೆ ಹತ್ತು ಹದಿನೈದು ಸೀನು, ಕಣ್ಣಲ್ಲಿ ನವೆ. ಹಿಟ್ಟು ಮೂಗಿಗೆ ಹೋದರೆ ಯಾರಿಗಾದರೂ ಸೀನು ಬರುತ್ತದೆ ಎಂದು ಎಲ್ಲರೂ ಸುಮ್ಮನಾದರು. ಏಳನೇ ವರ್ಷದ ಕೊನೆಗೆ ರಾತ್ರಿ ಕೆಮ್ಮು ಸೇರಿಕೊಂಡಿತು. ಹನ್ನೊಂದು ಹನ್ನೊಂದೂವರೆಗೆ ಎದೆ ಬಿಗಿದು, ಸುಂಯ್ ಎಂಬ ಸದ್ದಿನೊಂದಿಗೆ ಎದ್ದು ಕೂರುತ್ತಿದ್ದ.

ಅವನ ಬಾಡಿಗೆ ರೂಮು ಮೂರನೇ ಮಹಡಿಯ ಶೀಟಿನ ಮನೆ. ಕಿಟಕಿಯಲ್ಲಿ ಪಾರಿವಾಳ. ಪಕ್ಕದ ಖಾಲಿ ಸೈಟಿನ ತುಂಬ ಕಾಂಗ್ರೆಸ್ ಗಿಡ. (ಈ ಪ್ರಕರಣದಲ್ಲಿ ಎರಡು ಕಾಂಗ್ರೆಸ್ ಇವೆ. ಒಂದು ಕೌಂಟರಿನ ಕಡ್ಲೆಕಾಯಿ, ಇನ್ನೊಂದು ಸೈಟಿನ ಪಾರ್ಥೇನಿಯಂ. ಎರಡೂ ನಿರಪರಾಧಿಗಳು.) ಎದುರು ಬೀದಿಯಲ್ಲಿ ಗುಲಾಬಿ ಬಣ್ಣದ ಟಬೂಬಿಯಾ ಮರ. ಉಸಿರಾಟ ರಾತ್ರಿ ರೂಮಿನಲ್ಲಿ ಕೆಡುತ್ತಿತ್ತು, ಹಾಗಾಗಿ ಅನುಮಾನವೆಲ್ಲ ರೂಮಿನ ಸುತ್ತಲೇ ಸುತ್ತಿತು. ಪಾರಿವಾಳ ಓಡಿಸಲು ಬಲೆ ಕಟ್ಟಿಸಿದ. ಗಿಡ ಕೀಳಿಸಿದ. ಟಬೂಬಿಯಾ ಹೂ ಬಿಟ್ಟ ತಿಂಗಳು ಆ ಬೀದಿಯಲ್ಲಿ ಓಡಾಡಲಿಲ್ಲ. ಪಾಪ, ಬೆಂಗಳೂರಿನಲ್ಲಿ ಆ ಮರವನ್ನು ಬೈಯದ ರೋಗಿ ಕಡಿಮೆ. ಅದರ ಪರಾಗ ಭಾರ, ಅಂಟು. ಅದನ್ನು ಹೊರುವುದು ಜೇನುನೊಣ. ಅಲರ್ಜಿ ಕೊಡುವ ಪರಾಗ ಸಾಮಾನ್ಯವಾಗಿ ಗಾಳಿಯಲ್ಲಿ ತೇಲುವಂಥದ್ದು. ಹುಲ್ಲಿನದು, ಗಾಳಿ ಮರದ್ದು, ಹೀಗೆ ಕಣ್ಣಿಗೆ ಬೀಳದ ಹೂಗಳದ್ದು.

ಒಂದು ಕ್ಲಿನಿಕ್ಕಿನಲ್ಲಿ ಅಲರ್ಜಿಯ ಮಾತ್ರೆ ಸೆಟಿರಿಜಿನ್, ಕೆಮ್ಮಿನ ಸಿರಪ್ಪು, ಒಂದು ಸಲ ಆ್ಯಂಟಿಬಯೋಟಿಕ್ ಕೊಟ್ಟಿದ್ದರು. ಸೀನು ಕಡಿಮೆಯಾಯಿತು. ರಾತ್ರಿಯ ಉಬ್ಬಸ ಹಾಗೇ ಉಳಿಯಿತು. ಎಂಟನೇ ವರ್ಷ, ಆಗಸ್ಟ್ ತಿಂಗಳಲ್ಲಿ, ನನ್ನ ಬಳಿ ಬಂದ.

ನನ್ನ ತಪ್ಪು

ಬೆಳಿಗ್ಗೆ ಹನ್ನೊಂದಕ್ಕೆ ಸ್ಪೈರೊಮೆಟ್ರಿ, ಅಂದರೆ ಊದಿಸಿ ಉಸಿರಾಟ ಅಳೆಯುವ ಪರೀಕ್ಷೆ, ಮಾಡಿಸಿದೆ. ನಾರ್ಮಲ್. ಸೆಟಿರಿಜಿನ್ ಒಂದು ವಾರ ನಿಲ್ಲಿಸಿ ಸ್ಕಿನ್ ಪ್ರಿಕ್ ಟೆಸ್ಟ್ ಮಾಡಿದೆ. ಮುಂಗೈ ಮೇಲೆ ಒಂದೊಂದು ಹನಿ ಸಾರ, ಅದರ ಮೂಲಕ ಸೂಜಿಯ ಸಣ್ಣ ಚುಚ್ಚು, ಹದಿನೈದು ಇಪ್ಪತ್ತು ನಿಮಿಷ ಕಾದು ಎದ್ದ ದದ್ದನ್ನು ಅಳೆಯುವುದು. ಬರೀ ಉಪ್ಪುನೀರಿನ ಗುರುತಿಗಿಂತ 3 ಮಿಲಿಮೀಟರ್ ಅಥವಾ ಹೆಚ್ಚು ದೊಡ್ಡದಾದರೆ ಪಾಸಿಟಿವ್. ಮಂಜುವಿಗೆ ಹಾಸಿಗೆಯ ಧೂಳುನುಸಿಗೆ 5 ಮಿಲಿಮೀಟರ್ ಬಂತು. ಜಿರಳೆಗೆ 3. ಪಾರ್ಥೇನಿಯಂಗೆ ಏನೂ ಇಲ್ಲ.

ರಾತ್ರಿ ಉಬ್ಬಸ, ಹಾಸಿಗೆ, ನುಸಿ. ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ? ನನಗೂ ಹಾಗೇ ಅನಿಸಿತು. ಹಾಸಿಗೆಗೆ ಜಿಪ್ ಇರುವ ಕವರು, ಹೊದಿಕೆಗೆ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರು, ಕಷ್ಟ ಆದಾಗ ಇನ್‌ಹೇಲರ್. ಹುಡುಗ ಸಂಬಳದಲ್ಲಿ ಉಳಿಸಿ ಕವರು ತಂದ. ಮೂರು ತಿಂಗಳಾದರೂ ಏನೂ ಬದಲಾಗಲಿಲ್ಲ.

ಎಡವಿದ್ದು ಎಲ್ಲಿ ಎಂದು ಈಗ ಗೊತ್ತು. ಟೆಸ್ಟ್ ಪಾಸಿಟಿವ್ ಬಂದರೆ ಆ ವಸ್ತುವಿಗೆ ಮೈಯಲ್ಲಿ ಐಜಿಇ ಎಂಬ, ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ ತಯಾರಾಗಿದೆ ಎಂದಷ್ಟೇ ಅರ್ಥ. ಅದೇ ರೋಗ ಕೊಡುತ್ತಿದೆ ಎಂದಲ್ಲ. ಬೆಂಗಳೂರು, ಮೈಸೂರಿನ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಆಹಾರ ಅಲರ್ಜಿಯ ಅಧ್ಯಯನ ಇದನ್ನು ಸೊಗಸಾಗಿ ತೋರಿಸಿತ್ತು. ಯಾವುದಾದರೊಂದು ಆಹಾರಕ್ಕೆ ಐಜಿಇ ಇದ್ದವರು ಸುಮಾರು ನಾಲ್ಕರಲ್ಲಿ ಒಬ್ಬರು. ಅಲರ್ಜಿ ಇರಬಹುದು ಎನ್ನುವಂಥ ಲಕ್ಷಣವೂ ಜೊತೆಗಿದ್ದವರು ನೂರಕ್ಕೆ ಒಬ್ಬರ ಆಸುಪಾಸು. ಇದನ್ನು ಓದಿದ್ದೆ, ಬೇರೆಯವರಿಗೆ ಹೇಳಿಯೂ ಇದ್ದೆ. ಆದರೂ ಕಥೆ ಹೊಂದಿಬಿಟ್ಟಾಗ ಮನಸ್ಸು ಅಲ್ಲೇ ಕೂತುಬಿಡುತ್ತದೆ.

ಜಾತ್ರೆಗೆ ಹೋಗಿ ಬಂದ ಮೇಲೆ

ಊರಿನಲ್ಲಿ ಜಾತ್ರೆ, ಜೊತೆಗೆ ತಂಗಿಯ ನಿಶ್ಚಿತಾರ್ಥ. ಮಂಜು ಹನ್ನೊಂದು ದಿನ ಹೋಗಿದ್ದ. ಬಂದವನು ಹೇಳಿದ, "ಅಲ್ಲಿ ಮೂರನೇ ರಾತ್ರಿಯಿಂದ ಏನೂ ಇಲ್ಲ ಸಾರ್. ಇಲ್ಲಿ ಬಂದು ಎರಡೇ ದಿನಕ್ಕೆ ಮತ್ತೆ ಹಿಡ್ಕೊಂಡ್ತು. ಬೆಂಗಳೂರು ಹವಾನೇ ಆಗಲ್ಲ ನಂಗೆ."

"ಊರಲ್ಲಿ ಎಲ್ಲಿ ಮಲಗ್ತಿದ್ದೆ?"

"ನಡುಮನೇಲಿ ಸಾರ್. ಅಜ್ಜಿ ಕಾಲದ ಹತ್ತಿ ಹಾಸಿಗೆ. ಕಂಬಳಿ."

ನುಸಿಯ ಕಥೆ ಅಲ್ಲಿಗೆ ಮುಗಿಯಿತು. ನಮ್ಮ ಕವರು ಹಾಕಿದ ಹಾಸಿಗೆಗಿಂತ ಆ ಹತ್ತಿ ಹಾಸಿಗೆಯಲ್ಲಿ ನುಸಿ ಜಾಸ್ತಿಯೇ ಇದ್ದಿರಬೇಕು. ಹಾಗಾದರೆ ಊರಿನಲ್ಲಿ ಇಲ್ಲದ್ದು ಯಾವುದು? ಮೈದಾ ಇರಬಹುದೇ ಎಂದು ಕೇಳಿದೆ. ಅವನು ನಕ್ಕುಬಿಟ್ಟ.

"ಮೈದಾ ಹೆಂಗೆ ಸಾರ್? ಎಂಟು ವರ್ಷದಿಂದ ಅದರಲ್ಲೇ ಇದೀನಿ. ಹೊಸದೇನಲ್ವಲ್ಲ."

ಈ ಪ್ರಕರಣ ತಿರುಗಿದ್ದು ಈ ಮಾತಿನಲ್ಲಿ. ಅಲರ್ಜಿ ಬಂದವರು, ಅವರ ಮನೆಯವರು, ಎಷ್ಟೋ ಸಲ ಡಾಕ್ಟರುಗಳೂ ಮೊದಲು ಹುಡುಕುವುದು ಹೊಸದನ್ನು. ಹೊಸದಾಗಿ ಏನು ತಿಂದೆ, ಹೊಸ ಸೋಪು ಯಾವುದು, ಹೊಸ ಮನೆಗೆ ಬಣ್ಣ ಯಾವಾಗ ಹೊಡೆಸಿದಿರಿ. ಆದರೆ ಮೈಗೆ ಪರಿಚಯವೇ ಇಲ್ಲದ ವಸ್ತುವಿಗೆ ಐಜಿಇ ಅಲರ್ಜಿ ಬರಲಾರದು. ಮೊದಲು ಗುಟ್ಟಾಗಿ ಪರಿಚಯ ಆಗಿರಬೇಕು.

ಒಳಗೆ ಏನಾಯಿತು

ಮಂಜುವಿಗೆ ಇದನ್ನು ಅವನ ಕಸುಬಿನ ಭಾಷೆಯಲ್ಲೇ ಹೇಳಿದೆ. ಹಿಟ್ಟು ಹುದುಗು ಬರುವಾಗ ಸದ್ದು ಮಾಡುತ್ತದೆಯೇ? ಬಟ್ಟೆ ಮುಚ್ಚಿಟ್ಟು ಹೋಗುತ್ತೀಯ, ಬಂದು ನೋಡಿದರೆ ಪಾತ್ರೆ ತುಂಬಿರುತ್ತದೆ. ನಿನ್ನ ಮೈಯಲ್ಲೂ ಐದು ವರ್ಷ ಹಾಗೇ ಆಗಿದೆ. ಇಲ್ಲಿ ಓದುವವರಿಗಾಗಿ ಅದನ್ನೇ ಇನ್ನಷ್ಟು ಬಿಡಿಸಿ ಬರೆಯುತ್ತೇನೆ.

ಶ್ವಾಸನಾಳದ ಒಳಗೋಡೆ ಒಂದು ಪದರ ಕೋಶಗಳ ಹೊದಿಕೆ. ಕೋಶಕ್ಕೆ ಕೋಶ ಬಿಗಿಯಾಗಿ ಹೊಲಿದ ಹಾಗೆ ಇರುತ್ತದೆ. ಹಿಟ್ಟಿನ ನುಣ್ಣನೆಯ ಧೂಳು, ಓವನ್ನಿನ ಹೊಗೆ, ಮಧ್ಯೆ ಮಧ್ಯೆ ಬರುವ ನೆಗಡಿಯ ವೈರಸ್ಸು, ಎಲ್ಲ ಸೇರಿ ಈ ಹೊಲಿಗೆಯನ್ನು ಅಲ್ಲಲ್ಲಿ ಬಿಚ್ಚುತ್ತವೆ. ಪೆಟ್ಟು ತಿಂದ ಕೋಶಗಳು ಸುಮ್ನೆ ಇರುವುದಿಲ್ಲ. ಟಿಎಸ್‌ಎಲ್‌ಪಿ, ಇಂಟರ್‌ಲ್ಯೂಕಿನ್-33, ಇಂಟರ್‌ಲ್ಯೂಕಿನ್-25 ಎಂಬ ರಾಸಾಯನಿಕಗಳನ್ನು ಬಿಟ್ಟು ಕೂಗೆಬ್ಬಿಸುತ್ತವೆ.

ಆ ಹೊದಿಕೆಯ ಕೆಳಗೆ ಡೆಂಡ್ರಿಟಿಕ್ ಕೋಶಗಳು ಕೂತಿರುತ್ತವೆ. ಗೋಡೆಯ ಸಂದಿಯಿಂದ ಕೈ ಚಾಚಿ ಒಳಗೆ ಬಂದದ್ದನ್ನು ಎತ್ತಿಕೊಳ್ಳುವುದು ಅವುಗಳ ಕೆಲಸ. ಗೋಧಿಯ ಪ್ರೋಟೀನು ಸಿಕ್ಕರೆ ಅದನ್ನು ಚೂರು ಮಾಡಿ, ಚೂರುಗಳನ್ನು ಮೈಮೇಲೆ ಏರಿಸಿಕೊಂಡು, ಹತ್ತಿರದ ದುಗ್ಧಗ್ರಂಥಿಗೆ ಹೊರಡುತ್ತವೆ. ಅಲ್ಲಿ ಇನ್ನೂ ಯಾವ ಕೆಲಸಕ್ಕೂ ಸೇರದ ಟಿ ಕೋಶಗಳಿಗೆ (ಇವೂ ರೋಗನಿರೋಧಕ ವ್ಯವಸ್ಥೆಯ ಕೋಶಗಳೇ) ಆ ಚೂರನ್ನು ತೋರಿಸುತ್ತವೆ. ಚೂರು ಹೊಂದುವ ಟಿ ಕೋಶ ಎಚ್ಚರಗೊಳ್ಳುತ್ತದೆ. ಎಚ್ಚರಗೊಂಡು ಯಾವ ಕಡೆ ಹೋಗಬೇಕು ಎನ್ನುವುದನ್ನು ಗೋಡೆಯ ಆ ಕೂಗು ಬಹಳಮಟ್ಟಿಗೆ ತೀರ್ಮಾನಿಸುತ್ತದೆ. ಕೂಗು ಇಲ್ಲದಿದ್ದರೆ ಸಹಿಸಿಕೊಳ್ಳುವ ದಾರಿ. ಈ ಬಗೆಯ ಕೂಗು ಇದ್ದು, ಸುತ್ತ ಇಂಟರ್‌ಲ್ಯೂಕಿನ್-4 ಇದ್ದರೆ, ಅದು ಟಿಎಚ್2 ಎಂಬ ಬಗೆಯಾಗುತ್ತದೆ. ಸಹಾಯಕ ಟಿ ಕೋಶಗಳಲ್ಲಿ ಹೀಗೆ ಎರಡು ಬಗೆ ಇವೆ ಎಂದು ಮಾಸ್‌ಮನ್, ಕಾಫ್‌ಮನ್ ಇಲಿಯ ಕೋಶಗಳಲ್ಲಿ ತೋರಿಸಿದ್ದು 1986ರಲ್ಲಿ. ಎರಡೇ ಅಲ್ಲ, ಇನ್ನೂ ಇವೆ ಎಂಬುದು ಆಮೇಲೆ ತಿಳಿಯಿತು.

ಟಿಎಚ್2 ಕೋಶ ಮುಂದೆ ಪ್ರತಿಕಾಯ ತಯಾರಿಸುವ ಬಿ ಕೋಶವನ್ನು ಭೇಟಿ ಮಾಡುತ್ತದೆ. ಅದೇ ಗೋಧಿ ಪ್ರೋಟೀನನ್ನು ತನ್ನಷ್ಟಕ್ಕೆ ಹಿಡಿದಿಟ್ಟುಕೊಂಡ ಬಿ ಕೋಶ. ಟಿಎಚ್2 ಕೊಡುವ ಇಂಟರ್‌ಲ್ಯೂಕಿನ್-4 ಮತ್ತು 13ರ ಸೂಚನೆಯಿಂದ ಬಿ ಕೋಶ ತನ್ನ ಡಿಎನ್‌ಎಯ ಒಂದು ತುಂಡನ್ನೇ ಕತ್ತರಿಸಿ ಎಸೆಯುತ್ತದೆ. ಪ್ರತಿಕಾಯದ ಹಿಡಿಯುವ ಕೈ ಅದೇ ಉಳಿಯುತ್ತದೆ, ಬಾಲ ಬದಲಾಗಿ ಐಜಿಇ ಆಗುತ್ತದೆ. ಎಸೆದ ತುಂಡು ಮತ್ತೆ ಸೇರುವುದಿಲ್ಲ. ಈ ಸಾಲನ್ನು ನೆನಪಿಡಿ, ಡಿಸೆಂಬರ್ ತಿಂಗಳ ಕಥೆಗೆ ಬೇಕಾಗುತ್ತದೆ.

ಐಜಿಇ ಎಷ್ಟು ಕಡಿಮೆ ಎಂದರೆ, ರಕ್ತದಲ್ಲಿ ಮಾಮೂಲಿ ಪ್ರತಿಕಾಯವಾದ ಐಜಿಜಿ ಲೀಟರಿಗೆ ಗ್ರಾಂ ಲೆಕ್ಕದಲ್ಲಿದ್ದರೆ ಇದನ್ನು ಅಳೆಯುವುದು ಮಿಲಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ. ಇಷ್ಟು ಅಪರೂಪದ್ದನ್ನು 1966ರಲ್ಲಿ ಗುರುತಿಸಿದವರು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ದಂಪತಿ, ಕಿಮಿಶಿಗೆ ಮತ್ತು ತೆರುಕೊ ಇಶಿಝಾಕಾ. ಅದೇ ಹೊತ್ತಿನಲ್ಲಿ ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಚ್ ಬೇರೆ ದಾರಿಯಿಂದ ಅದೇ ಜಾಗ ತಲುಪಿದರು. ಹೆಸರು ಗಟ್ಟಿಯಾದದ್ದು 1968ರಲ್ಲಿ.

ರಕ್ತದಲ್ಲಿ ಐಜಿಇ ಹೆಚ್ಚು ದಿನ ಬಾಳುವುದಿಲ್ಲ. ಎರಡೇ ದಿನಕ್ಕೆ ಅರ್ಧ ಕರಗುತ್ತದೆ. ಆದರೆ ಮಾಸ್ಟ್ ಕೋಶದ ಮೇಲೆ ಹೋಗಿ ಕೂತರೆ ವಾರಗಟ್ಟಲೆ ಅಲ್ಲೇ ಇರುತ್ತದೆ. ಮೂಗು, ಶ್ವಾಸನಾಳ, ಚರ್ಮ, ಕರುಳು, ಹೀಗೆ ಹೊರಗಿನದು ಒಳಗೆ ಬರುವ ಬಾಗಿಲುಗಳಲ್ಲೆಲ್ಲ ಮಾಸ್ಟ್ ಕೋಶಗಳಿವೆ. ಒಡಲ ತುಂಬ ಸಾಸಿವೆ ತುಂಬಿದ ಡಬ್ಬಿಯಂತೆ ಕಾಣುತ್ತವೆ. ಆ ಸಾಸಿವೆಯೇ ಸೀನು, ನವೆ ತರಿಸುವ ಹಿಸ್ಟಮಿನ್ ಇರುವ ಕಣಗಳು. ಗೋಧಿಯ ಐಜಿಇ ಹೀಗೆ ಹೋಗಿ ಕೂತ ದಿನ ಮಂಜುವಿಗೆ ಏನೂ ಗೊತ್ತಾಗಿರಲಿಲ್ಲ. ಒಂದು ಸೀನೂ ಬಂದಿರಲಿಲ್ಲ. ಮಾಸ್ಟ್ ಕೋಶ ಮಾತ್ರ ತುಂಬಿದ ಕೋವಿ.

ಮುಂದೆ ಒಂದು ದಿನ ಜರಡಿಯಿಂದ ಎದ್ದ ಧೂಳಿನಲ್ಲಿ ಅದೇ ಪ್ರೋಟೀನು ಬಂದು, ಅಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದೆಳೆಯಿತು. ಒಂದನ್ನು ಮುಟ್ಟಿದರೆ ಸಾಲದು, ಎರಡು ಜೊತೆಯಾಗಬೇಕು. ನಿಮಿಷಗಳಲ್ಲಿ ಡಬ್ಬಿ ಚೆಲ್ಲಿತು. ಆ ದಿನವನ್ನು ನಾವು ಅಲರ್ಜಿ ಶುರುವಾದ ದಿನ ಎನ್ನುತ್ತೇವೆ.

ರಾತ್ರಿ ಹನ್ನೊಂದು

ಮೂರು ಗಂಟೆಗೆ ಹಿಟ್ಟು ಕಲಸಿದರೆ ಹನ್ನೊಂದಕ್ಕೆ ಉಬ್ಬಸ ಯಾಕೆ? ಮಂಜು ಕೇಳಿದ ಎರಡನೇ ಪ್ರಶ್ನೆ ಇದು. ನನ್ನನ್ನು ರೂಮಿನ ಕಡೆ ದಾರಿ ತಪ್ಪಿಸಿದ್ದೂ ಇದೇ.

ಮಾಸ್ಟ್ ಕೋಶ ಮೊದಲ ನಿಮಿಷಗಳಲ್ಲಿ ಚೆಲ್ಲುವುದು ಕೂಡಿಟ್ಟ ಹಿಸ್ಟಮಿನ್. ಅದರಿಂದ ಸೀನು, ನವೆ, ನೀರು. ಅದರ ಬೆನ್ನಿಗೆ ಹೊಸದಾಗಿ ಲ್ಯೂಕೋಟ್ರೈನ್‌ಗಳನ್ನು ತಯಾರಿಸುತ್ತದೆ, ಇವು ಶ್ವಾಸನಾಳವನ್ನು ಹಿಸ್ಟಮಿನ್‌ಗಿಂತ ಬಲವಾಗಿ ಹಿಂಡುತ್ತವೆ. ಆಮೇಲೆ ಗಂಟೆಗಟ್ಟಲೆ ಕೋಶಗಳ ನಡುವೆ ಸಂದೇಶ ಒಯ್ಯುವ ಸೈಟೊಕೈನ್‌ಗಳನ್ನು ಕಳಿಸಿ ಇತರ ಕೋಶಗಳನ್ನು ಕರೆಯುತ್ತದೆ. ಟಿಎಚ್2 ಕೋಶಗಳ ಇಂಟರ್‌ಲ್ಯೂಕಿನ್-5 ಬಿಳಿರಕ್ತಕಣಗಳ ಒಂದು ಬಗೆಯಾದ ಇಯೊಸಿನೊಫಿಲ್‌ಗಳನ್ನು ಸಾಕಿ ಬೆಳೆಸುತ್ತದೆ. ಇವೆಲ್ಲ ಬಂದು ಸೇರಿ, ಗೋಡೆ ಊದಿ, ಲೋಳೆ ತುಂಬಲು ನಾಲ್ಕರಿಂದ ಎಂಟು ಗಂಟೆ ಹಿಡಿಯುತ್ತದೆ. ಮೂರಕ್ಕೆ ಎಂಟು ಸೇರಿಸಿದರೆ ಹನ್ನೊಂದು. ಅಪರಾಧ ನಡೆದದ್ದು ಬೇಕರಿಯಲ್ಲಿ, ಹೆಣ ಸಿಕ್ಕಿದ್ದು ರೂಮಿನಲ್ಲಿ.

ಸೆಟಿರಿಜಿನ್ ಸೀನನ್ನು ಮಾತ್ರ ಯಾಕೆ ತಗ್ಗಿಸಿತು ಎನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಅದು ತಡೆಯುವುದು ಹಿಸ್ಟಮಿನ್ ಒಂದನ್ನೇ.

ಮಾತಿಗಿಂತ ಅಳತೆ ಮೇಲು. ಅವನ ಕೈಗೆ ಪೀಕ್ ಫ್ಲೋ ಮೀಟರು (ಜೋರಾಗಿ ಊದಿದಾಗ ಗಾಳಿ ಎಷ್ಟು ವೇಗವಾಗಿ ಹೊರಬರುತ್ತದೆ ಎಂದು ಅಳೆಯುವ ಕೊಳವೆ), ಒಂದು ನೋಟ್‌ಬುಕ್ಕು ಕೊಟ್ಟೆ. ದಿನಕ್ಕೆ ನಾಲ್ಕು ಸಲ ಊದಿ ಬರೆಯಬೇಕು. ಎರಡು ವಾರ ಕೆಲಸ, ಹತ್ತು ದಿನ ರಜೆ, ಮತ್ತೆ ಒಂದು ವಾರ ಕೆಲಸ. ಕೆಲಸದ ದಿನ ಮಧ್ಯಾಹ್ನ ಎರಡಕ್ಕೆ ನಿಮಿಷಕ್ಕೆ 460 ಲೀಟರಿನ ಹತ್ತಿರ, ಸಂಜೆ ಆರಕ್ಕೆ 400, ರಾತ್ರಿ ಹನ್ನೊಂದಕ್ಕೆ 300. ರಜೆಯ ನಾಲ್ಕನೇ ದಿನದಿಂದ ಎಲ್ಲ ಹೊತ್ತಿನಲ್ಲೂ 470, 480. ನಾನು ಬೆಳಿಗ್ಗೆ ಹನ್ನೊಂದಕ್ಕೆ ಮಾಡಿಸಿದ ಸ್ಪೈರೊಮೆಟ್ರಿ ನಾರ್ಮಲ್ ಬಂದದ್ದರಲ್ಲಿ ಆಶ್ಚರ್ಯವೇ ಇಲ್ಲ. ಅವನು ಚೆನ್ನಾಗಿರುವ ಹೊತ್ತನ್ನೇ ಆರಿಸಿ ಅಳೆದಿದ್ದೆ.

ಗೋಧಿ ಹಿಟ್ಟಿನ ಸಾರದಲ್ಲಿ ಪ್ರಿಕ್ ಟೆಸ್ಟ್ ಮಾಡಿದಾಗ 7 ಮಿಲಿಮೀಟರ್ ಬಂತು. ರಕ್ತದಲ್ಲಿ ಇನ್ನೊಂದಕ್ಕೂ ಐಜಿಇ ಸಿಕ್ಕಿತು, ಆಲ್ಫಾ ಅಮೈಲೇಸ್. ಇದು ಆಸ್ಪರ್ಜಿಲಸ್ ಒರೈಝೆ ಎಂಬ ಬೂಷ್ಟಿನಿಂದ ತೆಗೆದ ಕಿಣ್ವ. ಬ್ರೆಡ್ಡು ಚೆನ್ನಾಗಿ ಉಬ್ಬಲಿ ಎಂದು ಹಾಕುವ ಇಂಪ್ರೂವರ್ ಪುಡಿಯಲ್ಲಿ ಇರುತ್ತದೆ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ 1100 ಎಂಬ ಸಂಖ್ಯೆ ಕಂಡರೆ ಅದೇ. ಒಂದು ಚಿಟಿಕೆಯ ವಸ್ತು, ಆದರೆ ಬೇಕರಿ ಉಬ್ಬಸದಲ್ಲಿ ಇದರ ಪಾಲು ದೊಡ್ಡದು.

ಚಪಾತಿ ಬಿಟ್ಟದ್ದು

ರಿಪೋರ್ಟಿನಲ್ಲಿ "ಗೋಧಿ: ಪಾಸಿಟಿವ್" ಎಂದು ಕಂಡಿದ್ದೇ ತಡ, ಅವನ ತಾಯಿ ಊರಿನಿಂದ ರಾಗಿ ಹಿಟ್ಟು ಕಳಿಸಿದರು. ಚಪಾತಿ, ಉಪ್ಪಿಟ್ಟು, ಬನ್ನು ಎಲ್ಲ ಬಂದ್. ಒಂದು ತಿಂಗಳು ಮುದ್ದೆ, ಅನ್ನ. ಮಧ್ಯಾಹ್ನ ಮೂರಕ್ಕೆ ಮಾತ್ರ ಅದೇ ಜರಡಿ. ಉಬ್ಬಸ ಇಳಿಯಲಿಲ್ಲ. ಮುದ್ದೆಗೇನೂ ದೋಷವಿಲ್ಲ ಬಿಡಿ, ನಾನೂ ತಿನ್ನುತ್ತೇನೆ.

ಬೇಕರಿ ಉಬ್ಬಸ ಇರುವ ಹೆಚ್ಚಿನವರು ಬ್ರೆಡ್ಡು ತಿಂದು ಆರಾಮಾಗಿರುತ್ತಾರೆ. ಬೇಯಿಸಿದಾಗ, ಜೀರ್ಣವಾದಾಗ ಹಲವು ಪ್ರೋಟೀನುಗಳ ಆಕಾರ ಕೆಡುತ್ತದೆ, ಐಜಿಇಗೆ ಗುರುತು ಸಿಗುವುದಿಲ್ಲ. ಜೊತೆಗೆ ಕರುಳಿನ ರೋಗನಿರೋಧಕ ವ್ಯವಸ್ಥೆಗೆ ಸಹಿಸಿಕೊಳ್ಳುವುದೇ ಅಭ್ಯಾಸ. ಅಲ್ಲಿನ ಡೆಂಡ್ರಿಟಿಕ್ ಕೋಶಗಳು ಅದೇ ಗೋಧಿಯನ್ನು ಒಯ್ದು ತೋರಿಸಿದಾಗ ಹೆಚ್ಚಾಗಿ ಹುಟ್ಟುವುದು ನಿಯಂತ್ರಕ ಟಿ ಕೋಶಗಳು. ಗಲಾಟೆ ಬೇಡ ಎಂದು ಇತರ ಕೋಶಗಳನ್ನು ತಡೆಯುವ ಬಗೆ ಇವು. ವಸ್ತು ಒಂದೇ. ಬಾಯಿಂದ ಹೋದರೆ ನೆಂಟ, ಮೂಗಿನಿಂದ ಹೋದರೆ ಶತ್ರು. ಗೋಧಿ ತಿಂದು ಓಡಿದರೆ ಮೈಯೆಲ್ಲ ದದ್ದೆದ್ದು ಕುಸಿಯುವ ಜನರೂ ಇದ್ದಾರೆ, ಅದು ಬೇರೆ ಪ್ರೋಟೀನಿನ ಬೇರೆ ಕಥೆ. ಮಂಜುವಿಗೆ ಚಪಾತಿ ವಾಪಸ್ ಕೊಡಿಸಿದೆ.

ಹಿಂದಿನ ಕೋಣೆ

ಮಾವನನ್ನು ಕರೆಸಿದೆ. ಅವರು ಬಂದವರೇ, "ಇವ್ನ ಕೈ ಬಿದ್ದರೆ ಬನ್ನು ಹತ್ತಿ ಥರ ಬರುತ್ತೆ ಸಾರ್. ಇವ್ನನ್ನ ತೆಗೀರಿ ಅನ್ನಬೇಡಿ" ಎಂದರು. ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿ ಇಂಥ ಉಬ್ಬಸವನ್ನು ನಮ್ಮ ಕಾನೂನು ಸೇರಿಸಿದೆ. ಆದರೆ ಮಾಲೀಕ ಸೋದರಮಾವ ಆದರೆ ಅರ್ಜಿ ಹಾಕುವವರು ಯಾರು?

ಬೇಕರಿಯ ಹಿಟ್ಟಿನ ಧೂಳು ಉಸಿರು ಕೆಡಿಸುತ್ತದೆ ಎಂದು ಇಟಲಿಯ ವೈದ್ಯ ರಾಮಾಝಿನಿ 1700ರಲ್ಲೇ ಬರೆದಿದ್ದ. ಅಂಥ ಹಳೆಯ ಕಾಯಿಲೆಗೆ ಮದ್ದೂ ಹಳೆಯದೇ, ಧೂಳು ಏಳದಂತೆ ನೋಡಿಕೊಳ್ಳುವುದು. ಒಂದು ಮಧ್ಯಾಹ್ನ ನಾನೇ ಹೋಗಿ ನಿಂತು ನೋಡಿದೆ. ಜಾಸ್ತಿ ಧೂಳು ಏಳುತ್ತಿದ್ದದ್ದು ಕಲಸುವಾಗ ಅಲ್ಲ. ಚೀಲವನ್ನು ಎತ್ತರದಿಂದ ಸುರಿಯುವಾಗ, ಮಿಕ್ಸರನ್ನು ಒಂದೇ ಸಲ ಜೋರಾಗಿ ತಿರುಗಿಸುವಾಗ, ಮೇಜಿನ ಮೇಲೆ ಒಣ ಹಿಟ್ಟು ಎರಚುವಾಗ, ಪೊರಕೆ ಹಿಡಿದಾಗ. ಎಲ್ಲಕ್ಕಿಂತ ಹೆಚ್ಚು ಖಾಲಿ ಚೀಲ ಬಡಿಯುವಾಗ. ಚೀಲದ ಬಾಯನ್ನು ಡ್ರಮ್ಮಿನೊಳಗೆ ಇಳಿಸಿ ಸುರಿಯಲು, ಮೊದಲು ನೀರು ಆಮೇಲೆ ಹಿಟ್ಟು ಹಾಕಲು, ಮುಚ್ಚಳ ಹಾಕಿ ನಿಧಾನ ವೇಗದಲ್ಲಿ ಶುರು ಮಾಡಲು ಹೇಳಿದೆ. ಮೇಜಿಗೆ ಹಿಟ್ಟಿನ ಬದಲು ಎಣ್ಣೆ, ಪೊರಕೆಯ ಬದಲು ಒದ್ದೆ ಬಟ್ಟೆ. ಕಿಟಕಿಯ ರಟ್ಟು ತೆಗೆಸಿದರು. ಚೀಲ ಬಡಿಯುವುದು ನಿಂತಿತು.

ಮಂಜು ಕಲಸುವುದನ್ನು ಬಿಟ್ಟು ಕೌಂಟರಿಗೆ ಬಂದ. ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಮತ್ತು ಶ್ವಾಸನಾಳ ಸಡಿಲಿಸುವ ಫಾರ್ಮೊಟೆರಾಲ್ ಇರುವ ಇನ್‌ಹೇಲರನ್ನು ದಿನಾ ಎರಡು ಹೊತ್ತು ಶುರು ಮಾಡಿದೆವು. ಮೂಗಿಗೆ ಸ್ಪ್ರೇ. ಆರು ವಾರದಲ್ಲಿ ರಾತ್ರಿಯ ರೀಡಿಂಗ್ 440 ಮುಟ್ಟಿತು. ಎಲ್ಲರೂ ಖುಷಿ.

ಡಿಸೆಂಬರ್

ಅದು ಒಂದು ವರ್ಷದ ನಂತರದ ಡಿಸೆಂಬರ್. ಕ್ರಿಸ್‌ಮಸ್, ಹೊಸ ವರ್ಷದ ಕೇಕಿನ ಆರ್ಡರು ಮೇಲಿಂದ ಮೇಲೆ. ಕಲಸುವ ಹುಡುಗ ಹೇಳದೆ ಕೇಳದೆ ಊರಿಗೆ ಹೋದ. ಮಂಜು ಒಂಬತ್ತು ತಿಂಗಳಿಂದ ಚೆನ್ನಾಗಿದ್ದ, ರೋಗ ಹೋಯಿತು ಎಂದೇ ಅಂದುಕೊಂಡಿದ್ದ. ಇನ್‌ಹೇಲರನ್ನು ಆಗಾಗ ಮರೆಯುತ್ತಿದ್ದ. ಮಾವ ಕೇಳಲೂ ಇಲ್ಲ, ತಾನೇ ಒಳಗೆ ಹೋಗಿ ಏಪ್ರನ್ ಕಟ್ಟಿದ. ಮೊದಲ ರಾತ್ರಿ ಕೆಮ್ಮು. ಎರಡನೇ ರಾತ್ರಿ ನಿದ್ದೆ ಇಲ್ಲ. ಮೂರನೇ ರಾತ್ರಿ ಒಂದು ವಾಕ್ಯ ಪೂರ್ತಿ ಮಾಡಲಾಗದ ಸ್ಥಿತಿಯಲ್ಲಿ ಆಟೋದಲ್ಲಿ ತುರ್ತು ಚಿಕಿತ್ಸೆಗೆ ತಂದರು. ನೆಬ್ಯುಲೈಜರ್, ಆಮ್ಲಜನಕ, ಸ್ಟೀರಾಯ್ಡ್. ಎರಡು ದಿನ ಆಸ್ಪತ್ರೆ.

ಇಲ್ಲಿಯೂ ನನ್ನ ಪಾಲು ಇದೆ. ಔಷಧ ಏನು ಮಾಡುತ್ತದೆ ಎಂದು ಹೇಳಿದ್ದೆ. ಏನು ಮಾಡುವುದಿಲ್ಲ ಎಂದು ಬಿಡಿಸಿ ಹೇಳಿರಲಿಲ್ಲ. ಇನ್‌ಹೇಲರಿನ ಸ್ಟೀರಾಯ್ಡ್ ಶ್ವಾಸನಾಳದ ಕೋಶಗಳ ಒಳಹೊಕ್ಕು ಸೈಟೊಕೈನ್ ತಯಾರಿಕೆಯನ್ನು ತಗ್ಗಿಸುತ್ತದೆ. ಇಯೊಸಿನೊಫಿಲ್‌ಗಳು ಚದುರುತ್ತವೆ, ಊತ ಇಳಿಯುತ್ತದೆ. ಆದರೆ ಗೋಧಿಯನ್ನು ನೆನಪಿಟ್ಟ ಟಿ ಮತ್ತು ಬಿ ಕೋಶಗಳನ್ನು ಅದು ಅಳಿಸುವುದಿಲ್ಲ. ಕತ್ತರಿಸಿ ಎಸೆದ ಡಿಎನ್‌ಎ ತುಂಡು ನೆನಪಿದೆಯಲ್ಲ? ಒಂಬತ್ತು ತಿಂಗಳು ಹಿಟ್ಟಿನಿಂದ ದೂರ ಇದ್ದರೂ ಆ ನೆನಪಿನ ಕೋಶಗಳು ಕಾದಿದ್ದವು. ಮೊದಲ ಸಲ ಐದು ವರ್ಷ ಹಿಡಿದ ಕೆಲಸಕ್ಕೆ ಈ ಸಲ ಮೂರು ದಿನ ಸಾಕಾಯಿತು.

ಐಜಿಇಯನ್ನೇ ಹಿಡಿದುಹಾಕುವ ಒಮಾಲಿಝುಮ್ಯಾಬ್ ಎಂಬ ಇಂಜೆಕ್ಷನ್ ಇದೆ, ಅಮೆರಿಕದಲ್ಲಿ 2003ರಿಂದ ಬಳಕೆಯಲ್ಲಿದೆ. ಅದರ ಬಗ್ಗೆಯೂ ಮಾತಾಡಿದೆವು. ಬೆಲೆ ಅವನ ಕೈಗೆ ಎಟುಕುವಂಥದ್ದಲ್ಲ. ಅದನ್ನು ನಂಬಿ ಮತ್ತೆ ಮಿಕ್ಸರ್ ಮುಂದೆ ನಿಲ್ಲಿಸುವುದಕ್ಕೆ ನನಗೂ ಮನಸ್ಸಿರಲಿಲ್ಲ. ಲಕ್ಷಣ ಶುರುವಾದ ಮೇಲೂ ಎಷ್ಟು ಕಾಲ ಧೂಳಿನಲ್ಲೇ ಇರುತ್ತಾರೋ ಅಷ್ಟು ಪೂರ್ತಿ ಗುಣವಾಗುವ ಸಾಧ್ಯತೆ ಕಡಿಮೆಯಾಗುತ್ತದೆ. ಮಂಜು ಆಗಲೇ ಮೂರು ವರ್ಷ ಕಳೆದಿದ್ದ.

ಈಗ

ಮಾವ ಎರಡು ಬೀದಿ ಆಚೆ ಒಂದು ಸಣ್ಣ ಅಂಗಡಿ ಹಾಕಿಕೊಟ್ಟಿದ್ದಾರೆ. ಅಲ್ಲಿ ಬೇಯಿಸುವುದಿಲ್ಲ. ಮಾಲು ತಯಾರಾಗಿ ಟ್ರೇಯಲ್ಲಿ ಬರುತ್ತದೆ, ಮಂಜು ಮಾರುತ್ತಾನೆ. ಕಡಿಮೆ ಡೋಸಿನ ಇನ್‌ಹೇಲರ್ ಮುಂದುವರಿದಿದೆ, ರಾತ್ರಿಯ ರೀಡಿಂಗ್ 470. ಪೂರ್ತಿ ಗುಣ ಎನ್ನಲಾರೆ. ಹಳೆಯ ಬೇಕರಿಯ ಹಿಂಬಾಗಿಲಿನಿಂದ ಒಳಗೆ ಹೋದರೆ ಈಗಲೂ ಸೀನು ಬರುತ್ತದೆ. ಮಾವನ ಮೇಲೆ ಕೋಪ ಇದೆಯೇ ಎಂದು ಕೇಳಿದ್ದೆ. "ಕಸುಬು ಕಲಿಸಿದ್ದೇ ಮಾವ ಅಲ್ವಾ ಸಾರ್" ಎಂದ.

ನನ್ನ ಕೇಸ್ ಶೀಟಿನಲ್ಲೂ ಬದಲಾವಣೆ ಆಗಿದೆ. ಹೊಸದೇನು ಎಂದು ಕೇಳುವುದರ ಜೊತೆಗೆ ಹಳೆಯದೇನು ಎಂದೂ ಕೇಳುತ್ತೇನೆ. ವರ್ಷಗಟ್ಟಲೆ ದಿನಾ ಮುಟ್ಟುವ, ಮೂಸುವ, ಉಸಿರಾಡುವ ವಸ್ತು ಯಾವುದು? ಎಂಟು ಗಂಟೆ ಹಿಂದೆ ಎಲ್ಲಿದ್ದಿರಿ? ನಾಲ್ಕು ದಿನ ಬೇರೆ ಊರಿಗೆ ಹೋದರೆ ಹೇಗಿರುತ್ತದೆ? ಕಳೆದ ವರ್ಷ ಒಬ್ಬ ಬಡಗಿ, ಕೂದಲಿಗೆ ಬ್ಲೀಚ್ ಹಾಕುವ ಒಬ್ಬ ಹೆಣ್ಣುಮಗಳು ಈ ಪ್ರಶ್ನೆಗಳಿಂದಲೇ ಬೇಗ ಸಿಕ್ಕರು.

ಹೋದ ತಿಂಗಳು ಮಂಜು ತನ್ನ ತಮ್ಮನನ್ನು ಕರೆದುಕೊಂಡು ಬಂದ. ಇಪ್ಪತ್ತು ವರ್ಷ. ಎಂಟು ತಿಂಗಳಿಂದ ಅದೇ ಕೋಣೆಯಲ್ಲಿ, ಅದೇ ಮಿಕ್ಸರ್ ಮುಂದೆ ನಿಲ್ಲುತ್ತಿದ್ದಾನೆ. ಸೀನು ಇಲ್ಲ, ಕೆಮ್ಮು ಇಲ್ಲ. "ನಾನು ಚೆನ್ನಾಗೇ ಇದೀನಿ ಸಾರ್, ಅಣ್ಣಂಗೇ ಭಯ" ಎಂದ. ಗೋಧಿಯ ಪ್ರಿಕ್ ಟೆಸ್ಟ್ 4 ಮಿಲಿಮೀಟರ್ ಬಂತು.

ಅಂದರೆ ಹುದುಗು ಹಾಕಿ ಆಗಿದೆ. ಉಬ್ಬುತ್ತದೆಯೋ ಇಲ್ಲವೋ ಈ ಟೆಸ್ಟ್ ಹೇಳುವುದಿಲ್ಲ. ಇಂಥವರಲ್ಲಿ ಎಷ್ಟೋ ಜನ ಕೊನೆಯವರೆಗೂ ಹೀಗೇ ಇದ್ದುಬಿಡುತ್ತಾರೆ. ಇದನ್ನು ರೋಗ ಎಂದು ಬರೆಯಲಾಗದು, ಏನೂ ಇಲ್ಲ ಎಂದು ಕಳಿಸಲೂ ಆಗದು. ಮಾವನಿಗೆ ಫೋನ್ ಮಾಡಿದೆ. "ಇವ್ನನ್ನೂ ಕಳಿಸಿಬಿಟ್ಟರೆ ಹಿಟ್ಟು ಕಲಸೋರು ಯಾರು ಸಾರ್?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಜರಡಿ, ಇಂಪ್ರೂವರ್ ಪುಡಿ ನಾನೇ ನೋಡ್ಕೋತೀನಿ, ಅವ್ನು ಓವನ್ ಹತ್ರ ಇರಲಿ" ಎಂದರು. ಅವರ ವಯಸ್ಸು ಅರವತ್ತೆರಡು. ಅವರನ್ನೂ ಒಮ್ಮೆ ಬಂದು ಕೈ ತೋರಿಸಿ ಹೋಗಿ ಎಂದಿದ್ದೇನೆ, ಇನ್ನೂ ಬಂದಿಲ್ಲ.

ತಮ್ಮನಿಗೆ ಆರು ತಿಂಗಳ ನಂತರದ ತಾರೀಖು ಕೊಟ್ಟೆ. ಅದಕ್ಕೆ ಮೊದಲು ಸೀನು ಶುರುವಾದರೆ ಅದೇ ವಾರ ಬರಬೇಕು ಎಂದೆ. ಹೋಗುವಾಗ ಮಂಜು ತನ್ನ ಹಳೆಯ ಪೀಕ್ ಫ್ಲೋ ಮೀಟರನ್ನೂ ನೋಟ್‌ಬುಕ್ಕನ್ನೂ ಅವನ ಕೈಗಿಟ್ಟ. ಅದರಲ್ಲಿ ಅರ್ಧದಷ್ಟು ಹಾಳೆ ಇನ್ನೂ ಖಾಲಿ ಇದ್ದವು.